ಅತ್ತಿಗೆ ಒರೆಸಿಹಾಕಿದ ಎದೆಬಡಿತ

ನನ್ನ ಅತ್ತಿಗೆ ಮದುವೆಯಾಗಿ ನಮ್ಮ ಮನೆಗೆ ಬಂದ ಮೊದಲ ವಾರವೇ ಅಣ್ಣನ ಕಪಾಟು ತೆಗೆದರು. ಒಳಗಿದ್ದುದನ್ನು ಕಂಡು ಬಾಗಿಲು ಮುಚ್ಚಿ, ಹೋಗಿ ಕೈ ತೊಳೆದುಕೊಂಡು ಬಂದರು. ಆ ಗಳಿಗೆಯಲ್ಲೇ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು. ನಾದಿನಿಗೆ ಅತ್ತಿಗೆಯ ಮೇಲೆ ಅಷ್ಟು ಬೇಗ ಪ್ರೀತಿ ಹುಟ್ಟುವುದು ಲೋಕರೂಢಿಯಲ್ಲ, ಗೊತ್ತು. ಆದರೆ ಆ ಕಪಾಟು ಕಂಡವರಿಗೆ ನನ್ನ ಮಾತು ಅರ್ಥವಾಗುತ್ತದೆ. ಮಾರನೆಯ ದಿನ ಅದು ಅಂಗಡಿಯ ಷೋಕೇಸಿನಂತಿತ್ತು. ಅಣ್ಣ ತನ್ನದೇ ಕಾಲುಚೀಲ ಹುಡುಕಲು ಹೆಂಡತಿಯನ್ನು ಕೂಗಬೇಕಾಯಿತು, ಇವತ್ತಿಗೂ ಕೂಗುತ್ತಾನೆ.

ಈ ಚೊಕ್ಕಟದ ಹುಚ್ಚು ಅವರಿಗೆ ಅಪ್ಪನಿಂದ ಬಂದದ್ದು. ಆತ ಜಮೀನು ಅಳೆಯುವ ಸರ್ವೇಯರ್. ಎರಡು ವರ್ಷಕ್ಕೊಮ್ಮೆ ಎತ್ತಂಗಡಿ. ಬಾಡಿಗೆ ಮನೆ ಬಿಡುವ ದಿನ ಮಗಳನ್ನು ಕರೆದು ಗೋಡೆಯ ಮೊಳೆ ಕೀಳಿಸಿ, ತೂತುಗಳಿಗೆ ಸುಣ್ಣ ತುಂಬಿಸಿ, ಕೊನೆಗೆ ಒಳಕೋಣೆಯಿಂದ ಬಾಗಿಲವರೆಗೆ ಹಿಂದೆ ಹಿಂದೆ ಸರಿಯುತ್ತಾ ನೆಲ ಒರೆಸುವಂತೆ ಹೇಳುತ್ತಿದ್ದರಂತೆ. "ನಾವಿಲ್ಲಿ ಇದ್ವಿ ಅನ್ನೋ ಗುರುತೇ ಇರಬಾರ್ದು ಮಗಳೇ" ಎನ್ನುವುದು ಅವರ ವೇದವಾಕ್ಯ. ಅತ್ತಿಗೆಗೆ ತಾವು ಬೆಳೆದ ಮನೆಗಳು ಒಂದೂ ಸರಿಯಾಗಿ ನೆನಪಿಲ್ಲ. ಒರೆಸಿದ ನೆಲಗಳು ನೆನಪಿವೆ.

ಇಂಥವರು ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಹೋದರೆ ಏನಾಗಬೇಕೋ ಅದೇ ಆಯಿತು. ಪ್ರೋಗ್ರಾಮಿನ ಒಳಗೆ ಆಬ್ಜೆಕ್ಟ್ ಎನ್ನುವ ಚಿಕ್ಕ ಚಿಕ್ಕ ಕೆಲಸಗಾರರಿರುತ್ತಾರೆ, ಅತ್ತಿಗೆ ನನಗೆ ಹೇಳಿಕೊಟ್ಟದ್ದು ಹೀಗೆ. ಒಂದೊಂದು ಕೆಲಸಕ್ಕೆ ಒಬ್ಬೊಬ್ಬ ಹುಟ್ಟುತ್ತಾನೆ, ಕೆಲಸ ಮುಗಿದೊಡನೆ ಸಾಯುತ್ತಾನೆ. ಸಾಯುವ ಮುಂಚೆ ತಾನು ತೆರೆದದ್ದನ್ನು ಮುಚ್ಚಿ, ಹರಡಿದ್ದನ್ನು ಬಾಚಿ, ಜಾಗ ಚೊಕ್ಕ ಮಾಡಿ ಹೋಗಬೇಕು. ಈ ಕೊನೆಯ ಚೊಕ್ಕಟದ ಭಾಗ ಬರೆಯುವುದೆಂದರೆ ಉಳಿದವರಿಗೆಲ್ಲ ಆಕಳಿಕೆ. ಅಡುಗೆಗೆ ಎಲ್ಲರೂ ಮುಂದೆ, ಪಾತ್ರೆ ತೊಳೆಯಲು ಯಾರೂ ಇಲ್ಲ. ಅತ್ತಿಗೆ ಮಾತ್ರ ಅದನ್ನು ಕೇಳಿ ಪಡೆದು ಬರೆಯುತ್ತಿದ್ದರು. ಆಫೀಸಿನಲ್ಲಿ ಅವರಿಗೆ ಪೊರಕೆ ಮೇಡಂ ಎಂದೇ ಹೆಸರು, ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವರು ನಗುತ್ತಿದ್ದರು. ಬಿರುದು ಕೊಟ್ಟವರ ಮೇಜುಗಳನ್ನು ನೋಡಿದರೆ ನಗದೆ ಇನ್ನೇನು ಮಾಡಬೇಕು. ಈಗ ಅವರನ್ನು ಯಾರೂ ಹಾಗೆ ಕರೆಯುವುದಿಲ್ಲ. ಯಾಕೆಂದು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಆ ವರ್ಷ ಅವರ ಆಫೀಸು ಹಿಡಿದ ಕೆಲಸಕ್ಕೆ ಒಂದು ಒಳ್ಳೆಯ ಕಿವಿ ಬೇಕಾಗಿತ್ತು. ಕೊಳಾಯಿ ತೊಟ್ಟಿಕ್ಕಿದರೆ ಆಚೆ ಕೋಣೆಯಿಂದ ಎದ್ದು ಬಂದು ಬೈಯುವವಳು ನಾನು. "ನಮ್ಮ ನಾದಿನಿಗೆ ಇರುವೆ ಕೆಮ್ಮಿದ್ರೂ ಕೇಳಿಸತ್ತೆ" ಎಂದು ಶಿಫಾರಸು ಮಾಡಿ ಅತ್ತಿಗೆಯೇ ನನ್ನನ್ನು ಸೇರಿಸಿದರು. ಬಾಯಿಯ ಬಗ್ಗೆ ಏನೂ ಹೇಳಲಿಲ್ಲ, ಅದು ಅವರ ಒಳ್ಳೆಯತನ.

ಕೆಲಸ ಇದು. ವೈದ್ಯರನ್ನು ಓದಿಸಿ ತಯಾರು ಮಾಡುವ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಸದ್ದುಗಳ ಹಳೆಯ ಟೇಪುಗಳಿದ್ದವು. ಗಟ್ಟಿ ಹೃದಯ, ಕವಾಟ ಸರಿಯಾಗಿ ಮುಚ್ಚದ ಹೃದಯ, ತೂತಿರುವ ಹೃದಯ, ಮುದಿ ಹೃದಯ. ವಿದ್ಯಾರ್ಥಿಗಳು ಕಿವಿಗೊಟ್ಟು ಕಲಿಯಲೆಂದು ಎಷ್ಟೋ ವರ್ಷಗಳ ಹಿಂದೆ ರೋಗಿಗಳ ಎದೆಗೆ ಮೈಕ್ ಇಟ್ಟು ಹಿಡಿದದ್ದು. ಹಳೆಯ ಟೇಪು ತೇವ ಕುಡಿದು ಅಂಟಂಟಾಗುತ್ತದೆ. ಅದನ್ನು ಸಣ್ಣ ಶಾಖದ ಓವನ್ನಿನಲ್ಲಿಟ್ಟು ಒಣಗಿಸಿದರೆ ಒಂದು ಸಲ ಓಡುವಷ್ಟು ಗಟ್ಟಿಯಾಗುತ್ತದೆ, ಎರಡನೇ ಸಲಕ್ಕೆ ಭರವಸೆ ಇಲ್ಲ. ಆ ಒಂದೇ ಓಟದಲ್ಲಿ ಸದ್ದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಇಳಿಸುವ ಪ್ರೋಗ್ರಾಂ ಅತ್ತಿಗೆಯದು. ಹೆಡ್‌ಫೋನ್ ಹಾಕಿಕೊಂಡು ಸದ್ದು ಸರಿಯಾಗಿ ಬರುತ್ತಿದೆಯೇ ಎಂದು ಕೇಳುವುದು ನನ್ನದು. ಟೇಪು ಓಡಿಸುವುದು ಟೇಪಜ್ಜನದು.

ಟೇಪಜ್ಜ ಆ ಆಸ್ಪತ್ರೆಯಲ್ಲಿ ಸದ್ದು ಹಿಡಿಯುವ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತರಾದವರು. ಟೇಪುಗಳ ಮುನಿಸು ಬೇರೆ ಯಾರಿಗೂ ತಿಳಿಯದ್ದರಿಂದ ಅವರನ್ನು ಮತ್ತೆ ಕರೆಸಿಕೊಂಡಿದ್ದರು. ನೆಲಮಾಳಿಗೆಯ ಕೋಣೆಯಲ್ಲಿ ನಾವು ಮೂವರೇ. ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಗುಡುಗು, ತಲೆಯ ಮೇಲೆ ಸ್ಟ್ರೆಚರುಗಳ ಗಾಲಿ. ಅಜ್ಜನಿಗೆ ಇದರ ತೊಂದರೆ ಇರಲಿಲ್ಲ, ಅವರ ಕಿವಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಮೀಟರಿನ ಮುಳ್ಳು ಕುಣಿಯುವುದನ್ನು ನೋಡಿಯೇ ಸದ್ದನ್ನು ಕೇಳುತ್ತಿದ್ದರು. ಬೆಳಿಗ್ಗೆ ಓವನ್ನಿನಿಂದ ಟೇಪುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬೇಕರಿಯವರ ಹಾಗೆ ತರುತ್ತಿದ್ದರು. "ಬಿಸಿ ಬಿಸಿ ಇದೆ, ಯಾರಿಗೆ ಬೇಕು?" ಎನ್ನುವುದು ಅವರ ದಿನದ ಮೊದಲ ಜೋಕು. ನಾವು ದಿನವೂ ನಗುತ್ತಿದ್ದೆವು.

ಒಂದು ಬೆಳಿಗ್ಗೆ ಜೋಕು ಹೇಳಲಿಲ್ಲ. ಒಂದು ಚಿಕ್ಕ ರಟ್ಟಿನ ಪೆಟ್ಟಿಗೆಯನ್ನು ಅತ್ತಿಗೆಯ ಮೇಜಿನ ಮೇಲಿಟ್ಟರು.

"ಎಲ್ಲದಕ್ಕಿಂತ ಹೆಚ್ಚು ಸವೆದಿರೋದು ಇದು. ಪ್ರತಿ ವರ್ಷ ಪಾಠಕ್ಕೆ ಹಾಕ್ತಿದ್ರು. ಇದನ್ನ ಸ್ವಲ್ಪ ಜೋಪಾನವಾಗಿ ಮಾಡಬೇಕು."

"ಯಾರ ಹೃದಯ ಅಜ್ಜಾ?" ಎಂದು ನಾನು ಜೋರಾಗಿ ಕೇಳಿದೆ.

"ನಮ್ಮ ಮಗಳದು."

ಅವರು ನಿಂತುಕೊಂಡೇ ಹೇಳಿದರು. ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಒಂದೇ ಮಗು, ಹೃದಯದಲ್ಲಿ ತೂತು. ಕೆಲವೇ ತಿಂಗಳು ಬದುಕಿದ್ದು, ಅದರಲ್ಲೂ ಹೆಚ್ಚು ಪಾಲು ಇದೇ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ. ತೂತಿನ ಸದ್ದು ಅಷ್ಟು ಸ್ಪಷ್ಟವಾಗಿ ಬೇರೆ ಯಾವ ಮಗುವಿನಲ್ಲೂ ಕೇಳಿಸಿರಲಿಲ್ಲವಂತೆ. ದೊಡ್ಡ ಡಾಕ್ಟರು, ಪಾಠಕ್ಕೆ ಬೇಕು, ಹಿಡಿದುಕೊಳ್ಳಿ ಎಂದರು. ಹಿಡಿಯುವವರು ಆಸ್ಪತ್ರೆಯಲ್ಲಿ ಇದ್ದದ್ದು ಒಬ್ಬರೇ. ಅಪ್ಪನೇ ಮಗಳ ಎದೆಗೆ ಮೈಕ್ ಇಟ್ಟರು.

"ಎಷ್ಟೋ ಜನ ಡಾಕ್ಟರುಗಳಿಗೆ ಅವಳೇ ಮೇಷ್ಟ್ರು" ಎಂದರು ಅಜ್ಜ. "ಅವಳಿಗೆ ಅಮ್ಮ ಅನ್ನೋಕೂ ಬರ್ತಿರಲಿಲ್ಲ."

ಹೆಂಡತಿ ಅದನ್ನು ಕ್ಷಮಿಸಲಿಲ್ಲ. ಮಗು ಉಸಿರಿಗೆ ಒದ್ದಾಡುವಾಗ ನೀವು ಮೈಕ್ ಹಿಡಿದು ನಿಂತಿದ್ದಿರಿ ಎಂದು ಒಂದೇ ಸಲ ಅಂದವರು, ಆಮೇಲೆ ಆ ಟೇಪಿನ ಮಾತು ಎತ್ತಿದರೆ ಕೋಣೆಯಿಂದ ಎದ್ದು ಹೋಗುತ್ತಿದ್ದರಂತೆ. ಇಷ್ಟು ವರ್ಷ ಅದನ್ನು ಕೇಳಿಯೇ ಇರಲಿಲ್ಲ. ಮಗುವಿನ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಹುಷಾರಾದ ಮೇಲೆ ತೆಗೆಸೋಣ ಎಂದು ಕಾದಿದ್ದರು. ಹೋದ ವಾರ ಊಟ ಮಾಡುತ್ತಾ ಮಾಡುತ್ತಾ ಆಕೆಯೇ ಕೇಳಿದರಂತೆ, "ಅವಳ ಮುಖ ಮರೆತುಹೋಗ್ತಿದೆ ಕಣ್ರೀ. ಆ ಸದ್ದಾದ್ರೂ ಒಂದ್ಸಲ ಕೇಳಿಸಿ."

"ಪಾಠಕ್ಕೆ ಮಾಡಿದ ಬೇರೆ ಪ್ರತಿಗಳು ಎಲ್ಲಾ ಹಾಳಾಗಿವೆ. ಇದೊಂದೇ ಉಳಿದಿರೋದು" ಎಂದು ಅಜ್ಜ ಪೆಟ್ಟಿಗೆಯ ಮೇಲೆ ಬೆರಳಿಟ್ಟರು. "ನಡುವೆ ಹರಿದ್ರೆ, ಅಲ್ಲಿವರೆಗೆ ಬಂದಷ್ಟನ್ನಾದ್ರೂ ಉಳಿಸ್ಕೊಳ್ಳಕ್ಕೆ ಆಗತ್ತಾ ಮಗಳೇ?"

ಅಲ್ಲಿಯವರೆಗೆ ಅತ್ತಿಗೆಯ ಪ್ರೋಗ್ರಾಂ ಅರ್ಧವನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಬಂದರೆ ಪೂರ್ತಿ, ಇಲ್ಲವಾದರೆ ಏನೂ ಇಲ್ಲ. ಡಾಕ್ಟರುಗಳೇ ಹಾಗೆ ಕೇಳಿದ್ದರು; ಅರ್ಧ ಸದ್ದು ಪಾಠದಲ್ಲಿ ಸೇರಿಕೊಂಡರೆ ಹುಡುಗರು ಅರ್ಧ ಕೇಳಿ ಪೂರ್ತಿ ಕಾಯಿಲೆ ಹೇಳಿಯಾರು ಎಂದು. ಅದು ನಡೆಯುವ ಬಗೆ ಹೀಗೆ. ಪ್ರೋಗ್ರಾಮಿನಲ್ಲಿ ತಡೆಯಲಾರದ ಎಡವಟ್ಟು ಆದರೆ ಅದನ್ನು ಮೇಲಕ್ಕೆ ಎಸೆಯುತ್ತಾರೆ, ಅದಕ್ಕೆ ಎಕ್ಸೆಪ್ಶನ್ ಎನ್ನುತ್ತಾರೆ. ಯಾರಾದರೂ ಹಿಡಿಯುವವರೆಗೆ ಅದು ಹಾರುತ್ತಲೇ ಇರುತ್ತದೆ, ಅದು ಹಾಯುವ ದಾರಿಯಲ್ಲಿರುವ ಕೆಲಸಗಾರರೆಲ್ಲ ಗಂಟುಮೂಟೆ ಕಟ್ಟಬೇಕು. ಸದ್ದು ಹೊತ್ತ ಕೆಲಸಗಾರ ಸಾಯುವ ಮುಂಚೆ ಒಂದು ಪ್ರಶ್ನೆ ಕೇಳುತ್ತಾನೆ: ಈಗ ಯಾವುದಾದರೂ ಎಡವಟ್ಟು ಹಾರಾಡುತ್ತಿದೆಯೇ? ಇಲ್ಲ ಎಂದರೆ ಕೆಲಸ ಸುಸೂತ್ರವಾಗಿ ಮುಗಿದಿದೆ, ಸದ್ದನ್ನು ಡಿಸ್ಕಿಗೆ ಬರೆದು ಹೋಗುತ್ತಾನೆ. ಹೌದು ಎಂದರೆ ಸದ್ದನ್ನು ಚೆಲ್ಲಿ ಹೋಗುತ್ತಾನೆ. ಚೆಲ್ಲಿದ್ದರ ಗುರುತು ಡಿಸ್ಕಿನಲ್ಲಿ ಎಲ್ಲೂ ಇರುವುದಿಲ್ಲ, ಅದು ಅತ್ತಿಗೆಯ ಹೆಮ್ಮೆ.

"ಆಗತ್ತೆ ಅಜ್ಜಾ" ಎಂದರು ಅತ್ತಿಗೆ. ಮಧ್ಯಾಹ್ನದೊಳಗೆ ಬರೆದೂ ಬಿಟ್ಟರು. ಟೇಪು ಹರಿದರೆ, ಸದ್ದು ಹೊತ್ತ ಕೆಲಸಗಾರ ಸಾಯುವ ಮುಂಚೆ ಒಬ್ಬ ಹೊಸ ಪುಟ್ಟ ಕೆಲಸಗಾರನನ್ನು ಹುಟ್ಟಿಸಿ, ತನ್ನ ಕೈಯಲ್ಲಿರುವಷ್ಟು ಸದ್ದನ್ನು ಅವನಿಗೆ ಒಪ್ಪಿಸುತ್ತಾನೆ. ಪುಟ್ಟವನು ಅದನ್ನು ಪಾಠದ ಸದ್ದುಗಳ ಜೊತೆ ಬೆರೆಸದೆ ಡಿಸ್ಕಿನ ಬೇರೊಂದು ಗೂಡಿನಲ್ಲಿ ಇಡುತ್ತಾನೆ. ಈ ಪುಟ್ಟವನನ್ನೂ ಅತ್ತಿಗೆ ತಮ್ಮ ಹಳೆಯ ಅಚ್ಚಿನಲ್ಲೇ ಎರಕ ಹೊಯ್ದರು. ಒಮ್ಮೆ ಚೊಕ್ಕವಾಗಿ ಬರೆದದ್ದನ್ನು ಎರಡನೇ ಸಲ ಬರೆಯುವುದು ಅವರ ಜಾಯಮಾನವಲ್ಲ. ಪುಟ್ಟವನೊಬ್ಬನನ್ನೇ ಓಡಿಸಿ ನೋಡಿದರು, ಸದ್ದು ಗೂಡಿಗೆ ಬಂತು. ಟೇಪು ಹರಿದರೆ ಪ್ರೋಗ್ರಾಂ ಸರಿಯಾಗಿ ನಿಲ್ಲುತ್ತದೆ ಎಂಬುದನ್ನು ಮೊದಲೇ ನೋಡಿ ಆಗಿತ್ತು. ಎರಡನ್ನೂ ಒಟ್ಟಿಗೆ ನೋಡಲಿಲ್ಲ.

ಶುಕ್ರವಾರ ಆ ಟೇಪು ಓಡಿತು.

ಅಷ್ಟು ಹೊತ್ತಿಗೆ ನಾನು ನೂರಾರು ಹೃದಯ ಕೇಳಿದ್ದೆ, ಕಿವಿ ದಡ್ಡುಗಟ್ಟಿತ್ತು. ಕೆಲವನ್ನು ಕೇಳುತ್ತಾ ತೂಕಡಿಸಿದ್ದೂ ಉಂಟು. ಇದನ್ನು ಕೇಳುತ್ತಾ ನೆಟ್ಟಗೆ ಕೂತೆ. ಲಬ್ ಡಬ್ ಎಂದು ಪುಸ್ತಕದಲ್ಲಿ ಬರೆದಿರುತ್ತಾರೆ. ಇಲ್ಲಿ ಲಬ್ ಆದ ಮೇಲೆ, ಇಕ್ಕಟ್ಟಾದ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ ಉದ್ದಕ್ಕೆ ಶ್— ಎಂದು ಎಳೆದು, ಅದರ ಬಾಲದಲ್ಲಿ ಎಲ್ಲೋ ಡಬ್. ಎಷ್ಟು ಬೇಗ ಬೇಗ! ಎಲ್ಲಿಗೋ ಹೊತ್ತಾಯಿತು ಎನ್ನುವ ಹಾಗೆ. ನಡುವೆ ಒಂದು ಸಲ ಮಗು ಮೂಗಿನಲ್ಲಿ ಸಣ್ಣಗೆ ಸದ್ದು ಮಾಡಿತು. ನಾನು ತಲೆಯೆತ್ತಿ ಅಜ್ಜನನ್ನು ನೋಡಿದೆ. ಅವರು ಮೀಟರಿನ ಮುಳ್ಳು ನೋಡುತ್ತಿದ್ದರು. ಅತ್ತಿಗೆ ಪರದೆ ನೋಡುತ್ತಿದ್ದರು. ಕೇಳುತ್ತಿದ್ದವಳು ನಾನೊಬ್ಬಳೇ.

ಮುಕ್ಕಾಲು ಪಾಲು ಸರಿಯಾಗಿ ಓಡಿತು. ಆಮೇಲೆ ಟೇಪು ಕಿರ್ರೆಂದು ಅರಚಿ, ಎಳೆದಾಡಿ, ಪಟ್ಟೆಂದು ಹರಿಯಿತು. ಯಂತ್ರದಲ್ಲಿ ಟೇಪು ಓದುವ ಹೆಡ್ಡಿನ ಮೇಲೆಲ್ಲ ಕಂದು ಪುಡಿ. ಓಡಿದ ಭಾಗದಲ್ಲಿ ಸದ್ದು ಹಿಡಿದಿಡುವ ಲೇಪ ಉದುರಿ ಪಟ್ಟಿ ಬೋಳಾಗಿತ್ತು. ಉಳಿದ ಕಾಲು ಭಾಗ ಸುರುಳಿಯಲ್ಲೇ ಕಲ್ಲಿನಂತೆ ಅಂಟಿ ಕೂತಿತ್ತು. ಆಮೇಲೆ ಅಜ್ಜನೇ ಬಿಡಿಸಲು ನೋಡಿದಾಗ ಪಟ್ಟಿ ಒಂದು ಕಡೆ, ಲೇಪ ಒಂದು ಕಡೆ ಬಂತು.

"ಹೋಗ್ಲಿ ಬಿಡಿ" ಎಂದರು ಅಜ್ಜ, ಪುಡಿ ಅಂಟಿದ ಬೆರಳುಗಳನ್ನು ನೋಡುತ್ತಾ. "ಅದರ ಆಯಸ್ಸು ಅಷ್ಟೇ. ಕಂಪ್ಯೂಟರ್ ಹಿಡ್ಕೊಂಡಿರತ್ತಲ್ಲ?"

"ಹಿಡ್ಕೊಂಡಿರತ್ತೆ ಅಜ್ಜಾ" ಎಂದರು ಅತ್ತಿಗೆ.

ಅಜ್ಜ ಊಟಕ್ಕೂ ನಿಲ್ಲಲಿಲ್ಲ. ಸೋಮವಾರ ಬೆಳಿಗ್ಗೆ ಇವಳನ್ನು ಕರೆದುಕೊಂಡು ಬರುತ್ತೇನೆ ಎಂದವರೇ ಕೋಟು ಹೆಗಲ ಮೇಲೆ ಹಾಕಿಕೊಂಡು ಹೊರಟರು. ಮೆಟ್ಟಿಲು ಹತ್ತುವಾಗ ಏನೋ ಗುನುಗುತ್ತಿದ್ದರು. ಕಿವಿ ಕೇಳದವರಾದ್ದರಿಂದ ತಾವು ಗುನುಗುತ್ತಿರುವುದು ಅವರಿಗೇ ಗೊತ್ತಿತ್ತೋ ಇಲ್ಲವೋ.

ಅತ್ತಿಗೆ ಗೂಡು ತೆರೆದರು. ಖಾಲಿ. ಮುಚ್ಚಿ ಮತ್ತೆ ತೆರೆದರು. ಹೊರಗಿನ ಗೂಡುಗಳು, ಮೇಲಿನ ಗೂಡುಗಳು, ಎಲ್ಲ ನೋಡಿದರು. ಎಲ್ಲ ಕಡೆಯೂ ಕನ್ನಡಿಯಂತೆ ಚೊಕ್ಕ. ಪರದೆಯ ಮೇಲೆ ಅವರೇ ಬರೆದಿದ್ದ ಒಂದು ಸಾಲು ಇತ್ತು: ಟೇಪ್ ದೋಷದಿಂದ ನಿಂತಿದೆ, ಎಲ್ಲವನ್ನೂ ಸ್ವಚ್ಛಗೊಳಿಸಲಾಗಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆ ತುತ್ತು ನಮ್ಮದಾಗಿದ್ದರೆ ಸಹಿಸಬಹುದಿತ್ತು.

ಶನಿವಾರ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಅಣ್ಣ ಚಹ ಮಾಡಿ ತಂದಿಟ್ಟ, ಅದು ಆರಿತು. ಇನ್ನೊಂದು ಲೋಟ ತಂದಿಟ್ಟ, ಅದೂ ಆರಿತು. ಮಧ್ಯಾಹ್ನದ ಹೊತ್ತಿಗೆ ಅತ್ತಿಗೆ ಪರದೆಯಿಂದ ಕಣ್ಣು ತೆಗೆದು ನನ್ನನ್ನು ಕರೆದರು.

"ಸಿಕ್ತು ಕಣೇ. ಹರಿಯೋವರೆಗಿನ ಸದ್ದು ಪುಟ್ಟವನ ಕೈಗೆ ಪೂರ್ತಿ ಬಂದಿತ್ತು. ಒಂದು ಚೂರೂ ಹಾಳಾಗಿರಲಿಲ್ಲ."

"ಮತ್ತೆ?"

"ಅವನು ಹುಟ್ಟಿದ್ದೇ ಎಡವಟ್ಟಿನ ಮಧ್ಯೆ. ಟೇಪು ಹರಿದ ಸುದ್ದಿ ಇನ್ನೂ ಹಾರ್ತಾನೇ ಇತ್ತು, ಯಾರೂ ಹಿಡಿದಿರಲಿಲ್ಲ. ಇವನು ತನ್ನ ಕೆಲಸ ನೆಟ್ಟಗೆ ಮುಗಿಸಿ, ಸಾಯೋ ಮುಂಚೆ ಪ್ರಶ್ನೆ ಕೇಳಿದ, ಎಡವಟ್ಟು ಹಾರಾಡ್ತಿದ್ಯಾ ಅಂತ. ಹೌದು ಅನ್ನೋ ಉತ್ತರ ಬಂತು. ತನ್ನದೇ ತಪ್ಪು ಅಂದ್ಕೊಂಡ. ಚೆಲ್ಲಿಬಿಟ್ಟ."

ಅಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದ. ಬೇರೆ ದಿನವಾಗಿದ್ದರೆ ನಾವು ನಗುತ್ತಿದ್ದೆವು. ಅತ್ತಿಗೆ ತಲೆಯಾಡಿಸಿದರು.

"ಹೂಂ. ಮನೇಲಿ ಯಾರಿಗಾದ್ರೂ ಜ್ವರ ಇದ್ಯಾ ಅಂತ ಕೇಳೋ ಹಾಗೆ ಬರೆದಿದ್ದೆ. ನಿನಗೆ ಜ್ವರ ಬಂದಿದ್ಯಾ ಅಂತ ಕೇಳೋ ಹಾಗೆ ಬರೀಬೇಕಿತ್ತು."

ಸರಿಪಡಿಸಲು ಬೇಕಾದದ್ದು ಬೆರಳೆಣಿಕೆಯ ಸಾಲುಗಳು. ಹೌದೋ ಅಲ್ಲವೋ ಎಂದು ಕೇಳುವ ಬದಲು ಎಣಿಸಬೇಕು. ಕೆಲಸಗಾರ ಹುಟ್ಟುವಾಗಲೇ, ಈಗ ಎಷ್ಟು ಎಡವಟ್ಟು ಹಾರಾಡುತ್ತಿವೆ ಎಂದು ಎಣಿಸಿ ನೆನಪಿಟ್ಟುಕೊಳ್ಳಬೇಕು. ಸಾಯುವಾಗ ಮತ್ತೆ ಎಣಿಸಬೇಕು. ಹೆಚ್ಚಾಗಿದ್ದರೆ ತನ್ನ ಬದುಕಿನಲ್ಲಿ ತಪ್ಪಾಗಿದೆ. ಅಷ್ಟೇ ಇದ್ದರೆ ಅದು ತಾನು ಹುಟ್ಟುವ ಮುಂಚಿನ ಗಲಾಟೆ, ತನ್ನ ಕೆಲಸ ಶುದ್ಧ. ಅತ್ತಿಗೆ ಅದನ್ನು ಬರೆದು, ನಮ್ಮ ಮನೆಯ ಹಾಡಿನ ಟೇಪೊಂದನ್ನು ಓಡಿಸಿ, ನಡುವೆ ಕತ್ತರಿಯಿಂದ ಕತ್ತರಿಸಿದರು. ಅರ್ಧ ಹಾಡು ಬಂದು ಗೂಡಿನಲ್ಲಿ ಕೂತಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆಮೇಲೆ ಎಷ್ಟೋ ಟೇಪುಗಳು ಹರಿದಿವೆ, ಒಂದರ ಅರ್ಧವೂ ಹಾಳಾಗಿಲ್ಲ. ಅಂಥ ಒಂದೊಂದು ಅರ್ಧವನ್ನೂ ಅತ್ತಿಗೆ ನನ್ನ ಹೆಡ್‌ಫೋನ್ ಇಸಿದುಕೊಂಡು ಕೊನೆಯವರೆಗೂ ಕೇಳುತ್ತಾರೆ. ಆ ಶನಿವಾರ ಮಾತ್ರ ಅರ್ಧ ಹಾಡು ಕೇಳಿಸಿಕೊಂಡು, ಲ್ಯಾಪ್‌ಟಾಪ್ ಮುಚ್ಚಿ, ಹೋಗಿ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಸಿಟ್ಟು ಬಂದರೆ ಪಾತ್ರೆ ಕುಕ್ಕುವವಳು ನಾನು. ಅವರು ಹಾಗೂ ಮಾಡುವವರಲ್ಲ. ಹೊಟ್ಟೆಯೊಳಗೇ ಇಟ್ಟುಕೊಂಡರು.

ಸಂಜೆ ಎದ್ದು ಅಜ್ಜನ ಮನೆಗೆ ಫೋನ್ ಮಾಡಿದರು. ಎತ್ತಿದ್ದು ಹೆಂಡತಿ. ಅತ್ತಿಗೆ ತಮ್ಮ ಪರಿಚಯ ಹೇಳಿ ಮುಗಿಸುವ ಮುಂಚೆಯೇ ಆಚೆಯಿಂದ ದನಿ ಬಂತು, ನನಗೂ ಕೇಳಿಸಿತು.

"ನೀನೇನಾ ಮಗಳೇ! ಇವರು ಎಲ್ಲಾ ಹೇಳಿದ್ರು. ಸೋಮವಾರ ಬಂದೇ ಬರ್ತೀವಿ. ನಾನು ಅಳಲ್ಲ ಅಂತ ಇವರಿಗೆ ಮಾತು ಕೊಟ್ಟಿದ್ದೀನಿ."

ಅತ್ತಿಗೆ "ಹೂಂ ಅಮ್ಮ" ಎಂದು ಫೋನ್ ಇಟ್ಟರು. ಎದುರಿಗೆ ಕೂರಿಸಿಕೊಂಡು ಹೇಳಬೇಕಾದ ಮಾತು ಅದು, ತಂತಿಯಲ್ಲಿ ಹೇಳುವುದಲ್ಲ ಎಂದರು.

ಸೋಮವಾರ ಬೆಳಿಗ್ಗೆ ನಮ್ಮ ಆಫೀಸಿನ ಮ್ಯಾನೇಜರು ನೆಲಮಾಳಿಗೆಗೆ ಇಳಿದು ಬಂದರು. ಅತ್ತಿಗೆ ಅವರಿಗೆ ಎಲ್ಲ ಬರೆದು ಕಳಿಸಿದ್ದರು.

"ನೋಡಿ ಮೇಡಂ, ಟೇಪು ಹಳೇದು, ಹರೀತು. ಅಷ್ಟು ಹೇಳಿ ಸಾಕು. ಅದು ಸುಳ್ಳೇನೂ ಅಲ್ಲವಲ್ಲ."

ನಿಜ ಹೇಳಬೇಕೆಂದರೆ ನನಗೂ ಅದೇ ಸರಿ ಎನ್ನಿಸಿತು. "ಅತ್ತಿಗೆ, ಸುಮ್ನಿದ್ದುಬಿಡಿ" ಎಂದೆ. "ಟೇಪಿನ ತಪ್ಪು ಅಂದ್ರೆ ಅವರಿಗೂ ಹಗುರ. ನಿಮ್ಮ ಕೈಯಿಂದ ಹೋಯ್ತು ಅಂದ್ರೆ ಇನ್ನೊಂದು ಸಂಕಟ ಕೊಟ್ಟ ಹಾಗೆ."

"ಸದ್ದು ಸಿಕ್ಕಿತ್ತು ಕಣೇ" ಎಂದರು ಅತ್ತಿಗೆ. "ಸಿಕ್ಕೇ ಇರಲಿಲ್ಲ ಅಂತ ಆ ತಾಯಿಗೆ ಹೇಗೆ ಹೇಳಲಿ?"

ಅಷ್ಟರಲ್ಲಿ ಅವರು ಬಂದರು. ಅಜ್ಜ ಇಸ್ತ್ರಿ ಮಾಡಿದ ಷರಟು ಹಾಕಿದ್ದರು. ಹೆಂಡತಿ ಚಿಕ್ಕ ಆಳು, ಮೆಟ್ಟಿಲು ಇಳಿದ ಆಯಾಸಕ್ಕೆ ಬಾಗಿಲಲ್ಲೇ ಸ್ವಲ್ಪ ನಿಂತರು. ಹೆಡ್‌ಫೋನ್ ಕಂಡು ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡರು.

ಅತ್ತಿಗೆ ಕುರ್ಚಿ ಎಳೆದು ಅವರನ್ನು ಕೂರಿಸಿ, ಎದುರಿಗೆ ತಾವೂ ಕೂತು, ಸುತ್ತಿ ಬಳಸದೆ ಹೇಳಿದರು. ಸದ್ದು ಬಂದಿತ್ತು ಅಮ್ಮ. ಮುಕ್ಕಾಲು ಪಾಲು ಬಂದಿತ್ತು. ಅದನ್ನು ಉಳಿಸಲು ನಾನು ಬರೆದದ್ದು ತಪ್ಪಾಗಿತ್ತು, ಅದೇ ಅದನ್ನು ಅಳಿಸಿಹಾಕಿತು. ಟೇಪಿನದಲ್ಲ, ಅಜ್ಜನದಲ್ಲ, ತಪ್ಪು ನನ್ನದು. ಈಗ ಎಲ್ಲೂ ಇಲ್ಲ.

ಅಜ್ಜ ಅತ್ತಿಗೆಯ ತುಟಿಗಳನ್ನೇ ನೋಡುತ್ತಿದ್ದರು. ಅವರಿಗೆ ಎಷ್ಟು ತಿಳಿಯಿತೋ, ಮೆಲ್ಲಗೆ ಹೋಗಿ ಟೇಪು ಯಂತ್ರದ ಪಕ್ಕದ ತಮ್ಮ ಜಾಗದಲ್ಲಿ ಕೂತರು.

"ಒಂದ್ಸಲಾನೂ ಆಗಲ್ವಾ?" ಎಂದರು ಆಕೆ.

"ಇಲ್ಲಮ್ಮ."

ಆಕೆ ಅಳಲಿಲ್ಲ. ಮಡಿಲಲ್ಲಿದ್ದ ಕೈಚೀಲದ ಹಿಡಿಯನ್ನು ಮಡಿಸುತ್ತಾ ಬಿಡಿಸುತ್ತಾ ಕೂತಿದ್ದರು. ಪಕ್ಕದ ಕೋಣೆಯ ಒಗೆಯುವ ಯಂತ್ರ ತಿರುಗಿ ತಿರುಗಿ ನಿಂತಿತು. ಆಮೇಲೆ ಮಾತಾಡಿದರು, ಅತ್ತಿಗೆಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

"ಅವತ್ತೂ ಹೀಗೇ ಆಯ್ತು. ಎರಡು ರಾತ್ರಿ ಕೂತಿದ್ದೆ ಅಂತ, ಮನೆಗೆ ಹೋಗಿ ಸ್ನಾನ ಮಾಡ್ಕೊಂಡು ಬಾ ಅಂತ ನರ್ಸಮ್ಮ ಕಳಿಸಿದ್ರು. ಬರೋಷ್ಟರಲ್ಲಿ ಮುಗಿದಿತ್ತು. ತೊಟ್ಟಿಲನ್ನ ಆಗಲೇ ಒರೆಸಿಬಿಟ್ಟಿದ್ರು. ಹೊಸ ಬಟ್ಟೆ ಹಾಸಿದ್ರು, ಬೇರೆ ಮಗುಗೆ ಅಂತ. ಅವಳ ತಲೆ ಇಟ್ಟಿದ್ದ ಗುಳಿಯಾದ್ರೂ ಇರಬೇಕಿತ್ತು. ಎಲ್ಲಾ ಚೊಕ್ಕ."

ಅತ್ತಿಗೆಯ ಮುಖದಲ್ಲಿ ರಕ್ತವೇ ಇರಲಿಲ್ಲ.

"ಹೇಗೆ ನಿಂತಿತು ಅಂತ ಯಾರನ್ನ ಕೇಳಿದ್ರೂ ಹೇಳಲಿಲ್ಲ. ನೋವಾಗಲಿಲ್ಲ, ಸುಮ್ಮನೆ ನಿಂತ್ಹೋಯ್ತು ಅಂದ್ರು. ಸುಮ್ಮನೆ ಯಾಕೆ ನಿಲ್ಲತ್ತೆ?" ಆಕೆ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದರು. "ಶುಕ್ರವಾರ ಇದನ್ನ ಕೇಳಿದವರು ಯಾರು?"

"ನಾನಮ್ಮ" ಎಂದೆ.

"ಕೊನೇವರೆಗೂ ಕೇಳಿದ್ಯಾ?"

"ಕೇಳಿದೆ."

"ಕೊನೆಗೆ ಹೇಗಿತ್ತು? ನಿಧಾನ ಆಯ್ತಾ? ಹೇಗೆ ನಿಂತಿತು, ಹೇಳು."

ಜೀವಮಾನವೆಲ್ಲ ಬಾಯಿಗೆ ಬಂದದ್ದನ್ನು ಆಡಿದವಳು ನಾನು. ಸಮಾಧಾನಕ್ಕೆ ಏನಾದರೂ ಕಟ್ಟಿ ಹೇಳೋಣ ಎಂದರೆ ಅತ್ತಿಗೆ ಎದುರಿಗೇ ಕೂತಿದ್ದಾರೆ. ಕಣ್ಣು ಮುಚ್ಚಿ ಶುಕ್ರವಾರದ ಆ ಕೊನೆಯ ಗಳಿಗೆಯನ್ನು ನೆನಪು ಮಾಡಿಕೊಂಡೆ. ಬೇಗ ಬೇಗ ಬರುತ್ತಿದ್ದ ಆ ಸದ್ದು, ಅದರ ಮೇಲೆ ಬಂದ ಟೇಪಿನ ಅರಚಾಟ, ಅದರ ಕೆಳಗೆ ಇನ್ನೂ ಅದೇ ಸದ್ದು. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

"ನಿಧಾನ ಆಗಲಿಲ್ಲಮ್ಮ. ಮೊದಲು ಹೇಗಿತ್ತೋ ಹಾಗೇ ಬೇಗ ಬೇಗ ಹೊಡ್ಕೊಳ್ತಿತ್ತು. ಹರಿದು ನಿಂತಿದ್ದು ಟೇಪು. ಅವಳ ಎದೆ ನಿಲ್ಲಲಿಲ್ಲ."

ಆಕೆ ನನ್ನನ್ನು ದಿಟ್ಟಿಸಿ ನೋಡಿದರು. ಅಜ್ಜ ಅಲ್ಲಿಂದಲೇ ಕಿವಿಗೆ ಕೈ ಅಡ್ಡ ಹಿಡಿದು "ಏನಂತೆ?" ಎಂದು ಕೇಳಿದರು. ಆಕೆ ಎದ್ದು ಹೋಗಿ ಗಂಡನ ತೋಳು ಹಿಡಿದು, ಕಿವಿಯ ಹತ್ತಿರ ಬಾಯಿಟ್ಟು, ಹೊರಗಿನ ಕಾರಿಡಾರಿಗೂ ಕೇಳಿಸುವಷ್ಟು ಜೋರಾಗಿ ಕೂಗಿದರು.

"ಎದೆ ನಿಂತಿರಲಿಲ್ವಂತೆ ಕಣ್ರೀ! ಟೇಪು ನಿಂತಿದ್ದಂತೆ. ಅವಳದು ಹೊಡ್ಕೊಳ್ತಾನೇ ಇತ್ತಂತೆ!"

ಅಜ್ಜನಿಗೆ ಒಂದೇ ಸಲಕ್ಕೆ ಕೇಳಿಸಲಿಲ್ಲ. ಆಕೆ ಇನ್ನೊಂದು ಸಲ ಕೂಗಿದರು, ಈ ಸಲ ದನಿ ಒಡೆಯಿತು, ಅಳುವುದಿಲ್ಲ ಎಂದು ಕೊಟ್ಟ ಮಾತೂ ಹೋಯಿತು. ಅತ್ತಿಗೆ ಕೂತಲ್ಲೇ ಮೇಜಿಗೆ ಹಣೆಯಿಟ್ಟು ಅಳುತ್ತಿದ್ದರು. ನಾನು ಹೋಗಿ ಅವರ ಬೆನ್ನ ಮೇಲೆ ಕೈಯಿಟ್ಟೆ. ಟೇಪಜ್ಜ ಹೆಂಡತಿಯ ಮುಖವನ್ನೇ ನೋಡುತ್ತಾ ಬಹಳ ಹೊತ್ತು ತಲೆಯಾಡಿಸಿದರು.

"ಹೌದಾ?" ಎಂದರು.